ಕಳೆದ ಪರೀಕ್ಷೆಯ 17ನೇ ಪ್ರಶ್ನೆ: ರೈಲಿನ ಲೆಕ್ಕಗಳ ಒಂದು ಪಾಠ



ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಪಟ್ಟಿಗೂ ವಿದ್ಯಾರ್ಥಿವೇತನದ ಪ್ರಕಟಣೆಗೂ ನಡುವೆ ಒಂದು ಪಾಠವನ್ನು ಅಚ್ಚು ಹಾಕುವುದು ನಮ್ಮ ಟ್ರಸ್ಟಿನ ರೂಢಿ. ಮುಂದಿನ ಅರ್ಹತಾ ಪರೀಕ್ಷೆಗೆ ಕೂರುವ ಮಕ್ಕಳಿಗೆ ಅದು ಉಪಯೋಗಕ್ಕೆ ಬರಲಿ, ದಾನಿಗಳಿಗೂ ತಮ್ಮ ಹಣ ಎಂಥ ಓದಿಗೆ ಸಲ್ಲುತ್ತಿದೆ ಎಂದು ತಿಳಿಯಲಿ ಎಂಬುದು ಉದ್ದೇಶ. ಈ ಸಲ ರೈಲಿನ ಲೆಕ್ಕಗಳನ್ನು ಆರಿಸಿಕೊಂಡಿದ್ದೇವೆ. ಆರಿಸಿಕೊಂಡೆವು ಎನ್ನುವುದಕ್ಕಿಂತ ಈ ವಿಷಯವೇ ನಮ್ಮನ್ನು ಹಿಡಿದು ಕೂರಿಸಿತು ಎಂದರೆ ಸರಿ. ಕಳೆದ ಪರೀಕ್ಷೆಯ 17ನೇ ಪ್ರಶ್ನೆಗೆ ನಾವು ಕೊಟ್ಟಿದ್ದ ‘ಸರಿಯುತ್ತರ’ವೇ ತಪ್ಪಾಗಿತ್ತು.

ಪ್ರಶ್ನೆ ಹೀಗಿತ್ತು: 240 ಮೀಟರ್ ಉದ್ದದ ಒಂದು ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಪಕ್ಕದ ಹಳಿಯಲ್ಲಿ 180 ಮೀಟರ್ ಉದ್ದದ ಇನ್ನೊಂದು ರೈಲು ಗಂಟೆಗೆ 36 ಕಿ.ಮೀ. ವೇಗದಲ್ಲಿ ಎದುರಿನಿಂದ ಬರುತ್ತಿದೆ. ಮೊದಲ ರೈಲಿನ ಕಿಟಕಿಯ ಬಳಿ ಕುಳಿತ ಪ್ರಯಾಣಿಕನನ್ನು ಎರಡನೇ ರೈಲು ಎಷ್ಟು ಸೆಕೆಂಡುಗಳಲ್ಲಿ ದಾಟುತ್ತದೆ? ಆಯ್ಕೆಗಳು: 6, 8, 14, 42. ನಮ್ಮ ಉತ್ತರಪಟ್ಟಿಯಲ್ಲಿ 14 ಎಂದಿತ್ತು.

ಫಲಿತಾಂಶವನ್ನು ಕಚೇರಿಯ ಗೋಡೆಗೆ ಅಂಟಿಸಿದ ಮರುದಿನ ಒಬ್ಬ ತಂದೆ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿ. ಒಂದು ಅಂಕದಿಂದ ವಿದ್ಯಾರ್ಥಿವೇತನ ತಪ್ಪಿತ್ತು. ತಂದೆಯವರು ಜಗಳಕ್ಕೆ ಬಂದವರಲ್ಲ, "ಒಮ್ಮೆ ನೋಡಿಬಿಡಿ ಸಾಹೇಬರೇ, ಇವಳು ರಾತ್ರಿಯೆಲ್ಲ ಕೂತು ಚಿತ್ರ ಬರೆಯುತ್ತಿದ್ದಾಳೆ" ಎಂದಷ್ಟೇ ಹೇಳಿದರು. ಆಕೆ ಗುರುತು ಹಾಕಿದ್ದು 6. ನಮ್ಮಲ್ಲಿ ಗಣಿತ ಬಲ್ಲವರು ಎನಿಸಿಕೊಂಡವರೇ ಉತ್ತರ ಕೊಟ್ಟರು: "ಎರಡು ರೈಲು ಅಂದರೆ ಎರಡರ ಉದ್ದವನ್ನೂ ಕೂಡಿಸಬೇಕಮ್ಮಾ, ಸೂತ್ರ ಮರೆತೆಯಾ?" ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಕಿಟಕಿ ಹತ್ತಿರ ಕೂತವನು ರೈಲಿನಷ್ಟು ಉದ್ದ ಇರ್ತಾನಾ ಸರ್?"

ಆ ಒಂದು ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಆಮೇಲೆ ಏನು ಮಾಡಿದೆವು ಎಂಬುದನ್ನು ಕೊನೆಗೆ ಹೇಳುತ್ತೇವೆ. ಮೊದಲು ಪಾಠ.

ಅಂತರ ಎಷ್ಟು ಬೇಗ ಬದಲಾಗುತ್ತಿದೆ?

ಸಾಪೇಕ್ಷ ವೇಗ ಎಂಬ ಹೆಸರು ಕೇಳಿದೊಡನೆ ಮಕ್ಕಳು ಬೆದರುತ್ತಾರೆ. ಮನೆಯಲ್ಲಿ ನವಾಯತಿ, ಬ್ಯಾರಿ ಅಥವಾ ಉರ್ದು ಮಾತನಾಡಿ, ಶಾಲೆಯಲ್ಲಿ ಕನ್ನಡ ಓದಿ, ಕಾಲೇಜಿನಲ್ಲಿ ಇಂಗ್ಲಿಷಿಗೆ ತಿರುಗಿದ ಮಕ್ಕಳಿಗೆ ಈ ಪದ ಯಾವ ಭಾಷೆಯಲ್ಲೂ ತಮ್ಮದೆನಿಸುವುದಿಲ್ಲ. ಆದ್ದರಿಂದ ನಮ್ಮ ಭಾನುವಾರದ ತರಗತಿಯಲ್ಲಿ ಆ ಪದವನ್ನು ಮೊದಲ ದಿನ ಬಳಸುವುದೇ ಇಲ್ಲ. ಬದಲಿಗೆ ಕೇಳುತ್ತೇವೆ: ಇಬ್ಬರ ನಡುವಿನ ಅಂತರ ಪ್ರತಿ ಸೆಕೆಂಡಿಗೆ ಎಷ್ಟು ಮೀಟರ್ ಬದಲಾಗುತ್ತಿದೆ?

ಇಬ್ಬರು ಹುಡುಗರು ಮೈದಾನದ ಎರಡು ತುದಿಯಿಂದ ಪರಸ್ಪರ ಎದುರಾಗಿ ಓಡಿ ಬರಲಿ. ಒಬ್ಬ ಸೆಕೆಂಡಿಗೆ 4 ಮೀಟರ್, ಇನ್ನೊಬ್ಬ 3 ಮೀಟರ್. ಒಂದು ಸೆಕೆಂಡಿನಲ್ಲಿ ಅಂತರ 7 ಮೀಟರ್ ಕಡಿಮೆಯಾಗುತ್ತದೆ. ಈಗ ಅದೇ ಇಬ್ಬರು ಒಂದೇ ದಿಕ್ಕಿಗೆ ಓಡಲಿ, ನಿಧಾನದವನು ಮುಂದೆ, ವೇಗದವನು ಹಿಂದೆ. ವೇಗದವನು 4 ಮೀಟರ್ ಹತ್ತಿರ ಬರುವಷ್ಟರಲ್ಲಿ ಮುಂದಿನವನು 3 ಮೀಟರ್ ತಪ್ಪಿಸಿಕೊಳ್ಳುತ್ತಾನೆ. ಅಂತರ 1 ಮೀಟರ್ ಮಾತ್ರ ಕರಗುತ್ತದೆ. ಎದುರಾದರೆ ಕೂಡಿಸು, ಜೊತೆಗೆ ಓಡಿದರೆ ಕಳೆ ಎಂಬ ನಿಯಮ ಇಷ್ಟರಿಂದಲೇ ಬರುತ್ತದೆ. ಬಾಯಿಪಾಠ ಮಾಡಿದವರಿಗೆ ಅದು ಪರೀಕ್ಷೆಯ ಗಾಬರಿಯಲ್ಲಿ ತಿರುಗುಮುರುಗಾಗುತ್ತದೆ. ಮೈದಾನವನ್ನು ಕಣ್ಣ ಮುಂದೆ ತಂದುಕೊಂಡವರಿಗೆ ಆಗುವುದಿಲ್ಲ.

ನಿಯಮ ರೈಲಿಗಿಂತ ಬಹಳ ಹಳೆಯದು. ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಮುಂಬಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲಿ, ಎದುರು ದಿಕ್ಕಿನಲ್ಲಿ ಸಾಗುವ ಎರಡು ಕಾಯಗಳ ಅಂತರವನ್ನು ವೇಗಗಳ ಮೊತ್ತದಿಂದಲೂ, ಒಂದೇ ದಿಕ್ಕಿನವಾದರೆ ವ್ಯತ್ಯಾಸದಿಂದಲೂ ಭಾಗಿಸಿ ಸಂಧಿಸುವ ಕಾಲವನ್ನು ಪಡೆಯುವ ವಿಧಾನವಿದೆ. ಅಲ್ಲಿ ಲೆಕ್ಕ ಹಾಕಬೇಕಾಗಿದ್ದುದು ಆಕಾಶದ ಗ್ರಹಗಳನ್ನು.

ಆಕಾಶದ ಮಾತು ಬಂದದ್ದರಿಂದ ಒಂದು ಉದಾಹರಣೆಯನ್ನು ಇಲ್ಲೇ ಹೇಳಿಬಿಡುತ್ತೇವೆ, ಇದು ಪ್ರತಿ ಮನೆಗೂ ಗೊತ್ತಿರುವ ಲೆಕ್ಕ. ನಕ್ಷತ್ರಗಳ ಹಿನ್ನೆಲೆಯಲ್ಲಿ ಚಂದ್ರ ದಿನಕ್ಕೆ ಸುಮಾರು 13.2 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಸೂರ್ಯನೂ ಅದೇ ದಿಕ್ಕಿಗೆ ಸರಿಯುವಂತೆ ಕಾಣುತ್ತಾನೆ, ಆದರೆ ದಿನಕ್ಕೆ ಸುಮಾರು 1 ಡಿಗ್ರಿ ಮಾತ್ರ. ಒಂದೇ ದಿಕ್ಕು, ಆದ್ದರಿಂದ ಕಳೆಯಬೇಕು: ದಿನಕ್ಕೆ 12.2 ಡಿಗ್ರಿ. ಒಂದು ಅಮಾವಾಸ್ಯೆಯಲ್ಲಿ ಸೂರ್ಯನ ಜೊತೆಗಿದ್ದ ಚಂದ್ರ ಮತ್ತೆ ಅವನನ್ನು ಸೇರಬೇಕಾದರೆ ಒಂದು ಪೂರ್ತಿ ಸುತ್ತು, ಅಂದರೆ 360 ಡಿಗ್ರಿ, ಮುಂದೆ ಹೋಗಬೇಕು. 360ನ್ನು 12.2ರಿಂದ ಭಾಗಿಸಿದರೆ ಸುಮಾರು 29.5 ದಿನ. ನಮ್ಮ ಹಿಜರಿ ತಿಂಗಳು ಕೆಲವೊಮ್ಮೆ 29, ಕೆಲವೊಮ್ಮೆ 30 ದಿನಗಳಾಗುವುದು ಈ ಅರ್ಧ ದಿನದ ಕಾರಣದಿಂದಲೇ. ಈದ್‌ನ ಚಂದ್ರನಿಗಾಗಿ ತಾರಸಿ ಹತ್ತುವ ಮಕ್ಕಳು ರೈಲಿನ ಲೆಕ್ಕಕ್ಕೆ ಹೆದರಬೇಕಾಗಿಲ್ಲ.

ಮೊದಲು ಮಾನ, ಆಮೇಲೆ ಲೆಕ್ಕ

ವೇಗವನ್ನು ಕಿ.ಮೀ.ನಲ್ಲಿ ಕೊಟ್ಟು ಉದ್ದವನ್ನು ಮೀಟರಿನಲ್ಲಿ ಕೊಡುವುದು ಪ್ರಶ್ನೆ ಮಾಡುವವರ ಅಭ್ಯಾಸ. 1 ಕಿ.ಮೀ. ಎಂದರೆ 1000 ಮೀಟರ್, 1 ಗಂಟೆ ಎಂದರೆ 3600 ಸೆಕೆಂಡ್, 1000/3600 ಎಂದರೆ 5/18. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್ ಎಂಬ ಒಂದನ್ನು ನೆನಪಿಟ್ಟರೆ 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25, 108ಕ್ಕೆ 30 ತಾನಾಗಿ ಬರುತ್ತವೆ. ಎರಡು ವೇಗಗಳನ್ನು ಬೇರೆಬೇರೆಯಾಗಿ ಬದಲಿಸುವುದಕ್ಕಿಂತ, ಮೊದಲು ಕೂಡಿಸಿ ಅಥವಾ ಕಳೆದು, ಬಂದದ್ದನ್ನು ಒಮ್ಮೆ ಬದಲಿಸುವುದು ಲೇಸು. ಇದರ ಬಗ್ಗೆ ಇನ್ನೇನೂ ಹೇಳಬೇಕಾದ್ದಿಲ್ಲ.

ಯಾವುದನ್ನು ದಾಟುವುದು?

ಮಕ್ಕಳು ಅಂಕ ಕಳೆದುಕೊಳ್ಳುವುದು, ನಾವು ಮಾನ ಕಳೆದುಕೊಂಡದ್ದೂ ಸಹ, ವೇಗದ ವಿಷಯದಲ್ಲಿ ಅಲ್ಲ, ದೂರದ ವಿಷಯದಲ್ಲಿ. ಸಮಯ ಎಂದರೆ ದೂರ ಭಾಗಿಸು ವೇಗ. ವೇಗ ಕೂಡಬೇಕೋ ಕಳೆಯಬೇಕೋ ಎಂಬುದನ್ನು ಎಲ್ಲರೂ ಯೋಚಿಸುತ್ತಾರೆ, ಮೇಲಿನ ಸಾಲಿನಲ್ಲಿ ಯಾವ ದೂರ ಬರಬೇಕು ಎಂಬುದನ್ನು ಯೋಚಿಸುವವರು ಕಡಿಮೆ.

ಕಂಬವನ್ನು ದಾಟುವ ರೈಲಿನಿಂದ ಪ್ರಾರಂಭಿಸೋಣ. ಎಂಜಿನ್ನಿನ ಮೂತಿ ಕಂಬವನ್ನು ಮುಟ್ಟಿದಾಗ ಗಡಿಯಾರ ಶುರು, ಕೊನೆಯ ಬೋಗಿಯ ಹಿಂಬದಿ ಕಂಬವನ್ನು ಬಿಟ್ಟಾಗ ಗಡಿಯಾರ ಬಂದ್. ಅಷ್ಟರಲ್ಲಿ ರೈಲು ಸರಿದದ್ದು ತನ್ನ ಉದ್ದದಷ್ಟೇ. ಇಂದಿನ ಎಲ್‌ಎಚ್‌ಬಿ ಬೋಗಿ ಸುಮಾರು 24 ಮೀಟರ್ ಉದ್ದ. ಇಪ್ಪತ್ತು ಬೋಗಿ, ಒಂದು ಎಂಜಿನ್ ಸೇರಿದರೆ ರೈಲು ಹೆಚ್ಚುಕಡಿಮೆ 500 ಮೀಟರ್. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅದು ಕಂಬ ದಾಟಲು 25 ಸೆಕೆಂಡ್ ಬೇಕು.

ಕಂಬದ ಬದಲು ಪ್ಲಾಟ್‌ಫಾರ್ಮ್ ಇದ್ದರೆ? ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಹೆಸರಾಗಿದೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮ ರೈಲು 493 ಮೀಟರ್ ಎಂದಿಟ್ಟುಕೊಳ್ಳೋಣ. ಏಕೆ 493 ಎಂದರೆ ಮೊತ್ತ ಸರಿಯಾಗಿ 2000 ಬರಲಿ ಎಂದು, ಪರೀಕ್ಷೆಯವರೂ ಹೀಗೆಯೇ ಮಾಡುತ್ತಾರೆ. ಲೆಕ್ಕದ ನಡುವೆ ಅಂದವಾದ ಸಂಖ್ಯೆ ಬಂದರೆ ದಾರಿ ಬಹುಶಃ ಸರಿಯಿದೆ ಎಂದು ತಿಳಿಯಿರಿ, ಆದರೆ ಅದನ್ನೇ ನಂಬಬೇಡಿ. ಎಂಜಿನ್ ಪ್ಲಾಟ್‌ಫಾರ್ಮಿನ ಆರಂಭಕ್ಕೆ ಬಂದಲ್ಲಿಂದ ಕೊನೆಯ ಬೋಗಿ ಅದರ ಅಂಚನ್ನು ಬಿಡುವವರೆಗೆ ಎಂಜಿನ್ ಸಾಗುವ ದೂರ 1507 + 493 = 2000 ಮೀಟರ್. ಸೆಕೆಂಡಿಗೆ 20 ಮೀಟರಿನಂತೆ 100 ಸೆಕೆಂಡ್. ಅದೇ ಪ್ರಶ್ನೆಯನ್ನು ತಿರುಗಿಸಿ, ಇಡೀ ರೈಲು ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಇರುವ ಸಮಯ ಎಷ್ಟು ಎಂದು ಕೇಳಿದರೆ ಕೂಡಿಸುವಂತಿಲ್ಲ. 1507ರಲ್ಲಿ 493 ಕಳೆದು 1014 ಮೀಟರ್, 50.7 ಸೆಕೆಂಡ್. ಸುರಂಗದ ಲೆಕ್ಕಗಳಲ್ಲಿ ಈ ತಿರುವು ಬರುತ್ತಿರುತ್ತದೆ. ತರಗತಿಯಲ್ಲಿ ಇದನ್ನು ಮಾಡಿಸುವಾಗ ಒಬ್ಬ ಹುಡುಗ "ಹುಬ್ಬಳ್ಳಿಯಲ್ಲಿ ರೈಲು ನಿಲ್ಲುತ್ತದಲ್ಲಾ ಸರ್" ಎಂದ. ಮಾತು ಸರಿಯೇ. ಲೆಕ್ಕಕ್ಕಾಗಿ ನಿಲ್ಲಿಸಲಿಲ್ಲ.

ಈಗ 17ನೇ ಪ್ರಶ್ನೆಯ ಎರಡು ರೈಲುಗಳಿಗೆ ಬರೋಣ. ವೇಗಗಳ ಮೊತ್ತ 108 ಕಿ.ಮೀ., ಅಂದರೆ ಸೆಕೆಂಡಿಗೆ 30 ಮೀಟರ್. ಎರಡು ರೈಲುಗಳು ಒಂದನ್ನೊಂದು ಪೂರ್ತಿ ದಾಟಲು ಎಷ್ಟು ಹೊತ್ತು ಎಂದು ಕೇಳಿದ್ದರೆ ಎರಡರ ಉದ್ದವೂ ಸೇರಬೇಕು: 240 + 180 = 420, ಭಾಗಿಸು 30, ಉತ್ತರ 14. ಇಲ್ಲಿ ಒಂದು ರೈಲು ಇನ್ನೊಂದಕ್ಕೆ ಓಡುವ ಪ್ಲಾಟ್‌ಫಾರ್ಮ್ ಇದ್ದಂತೆ. ಆದರೆ ಪ್ರಶ್ನೆ ಕೇಳಿದ್ದು ಕಿಟಕಿಯ ಬಳಿಯ ಪ್ರಯಾಣಿಕನನ್ನು ದಾಟುವ ಸಮಯ. ಅವನು ಪ್ಲಾಟ್‌ಫಾರ್ಮ್ ಅಲ್ಲ, ಕಂಬ. ಓಡುವ ಕಂಬ. ಅವನ ಕಣ್ಣ ಮುಂದೆ ಹಾದುಹೋಗಬೇಕಾದದ್ದು ಎದುರು ರೈಲಿನ 180 ಮೀಟರ್ ಮಾತ್ರ. 180 ಭಾಗಿಸು 30, ಉತ್ತರ 6. ತಾನು ಕುಳಿತ ರೈಲು 240 ಮೀಟರ್ ಇರಲಿ, ಒಂದೇ ಬೋಗಿಯದಿರಲಿ, ಅವನಿಗೆ ವ್ಯತ್ಯಾಸವಿಲ್ಲ.

ಹಾಗಾದರೆ 14 ಸೆಕೆಂಡು ಎಲ್ಲಿ ಹೋಯಿತು? ನಮ್ಮವರು ಕೇಳಿದ್ದೂ ಇದನ್ನೇ. ಹುಡುಗಿ ತನ್ನ ಚಿತ್ರವನ್ನು ಮೇಜಿನ ಮೇಲಿಟ್ಟಳು. ಮೊದಲ ರೈಲಿನಲ್ಲಿ ಇಬ್ಬರು ಪ್ರಯಾಣಿಕರು, ಒಬ್ಬ ಎಲ್ಲರಿಗಿಂತ ಮುಂದಿನ ತುದಿಯಲ್ಲಿ, ಇನ್ನೊಬ್ಬ ಕೊನೆಯ ತುದಿಯಲ್ಲಿ. ಎರಡು ಎಂಜಿನ್ನುಗಳ ಮೂತಿ ಸಂಧಿಸಿದ ಗಳಿಗೆಯನ್ನು ಸೊನ್ನೆ ಎನ್ನೋಣ. ಮುಂದಿನವನಿಗೆ ಎದುರು ರೈಲು ಸೊನ್ನೆಯಲ್ಲೇ ಕಾಣತೊಡಗಿ 6ನೇ ಸೆಕೆಂಡಿಗೆ ಮುಗಿದುಹೋಗುತ್ತದೆ. ಕೊನೆಯವನು 240 ಮೀಟರ್ ಹಿಂದಿದ್ದಾನೆ. ಎದುರು ರೈಲಿನ ಮೂತಿ ಅವನ ಬಳಿಗೆ ಬರಲು 240 ಭಾಗಿಸು 30, ಅಂದರೆ 8 ಸೆಕೆಂಡು ಬೇಕು. ಅವನಿಗೆ 8ನೇ ಸೆಕೆಂಡಿನಲ್ಲಿ ಶುರುವಾಗಿ 14ನೇ ಸೆಕೆಂಡಿಗೆ ಮುಗಿಯುತ್ತದೆ. ಇಬ್ಬರೂ ನೋಡಿದ್ದು ಆರಾರು ಸೆಕೆಂಡೇ. ಆದರೆ ಮೊದಲನೆಯವನು ನೋಡತೊಡಗಿದಲ್ಲಿಂದ ಕೊನೆಯವನು ನೋಡಿ ಮುಗಿಸುವವರೆಗೆ 14 ಸೆಕೆಂಡು. ರೈಲಿನ ಲೆಕ್ಕವೂ ಸರಿ, ಪ್ರಯಾಣಿಕನ ಲೆಕ್ಕವೂ ಸರಿ, ನಾವು ಒಂದರ ಪ್ರಶ್ನೆಗೆ ಇನ್ನೊಂದರ ಉತ್ತರ ಬರೆದಿದ್ದೆವು. ನಮ್ಮ ಆಯ್ಕೆಗಳಲ್ಲಿದ್ದ 8 ಕೂಡ ಸುಮ್ಮನೆ ಬಂದ ಸಂಖ್ಯೆಯಲ್ಲ, ಎರಡನೇ ರೈಲಿನಲ್ಲಿ ಕುಳಿತವನು ಮೊದಲ ರೈಲನ್ನು ನೋಡುವ ಸಮಯ ಅದು.

ಅದೇ ರೈಲುಗಳು ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ವೇಗದ ವ್ಯತ್ಯಾಸ 36 ಕಿ.ಮೀ., ಸೆಕೆಂಡಿಗೆ 10 ಮೀಟರ್. ಪೂರ್ತಿ ಹಿಂದಿಕ್ಕಲು 42 ಸೆಕೆಂಡು. ವೇಗದ ರೈಲಿನ ಕಿಟಕಿಯಲ್ಲಿ ಕುಳಿತವನಿಗೆ ಪಕ್ಕದ ರೈಲು 18 ಸೆಕೆಂಡು ಕಾಣುತ್ತದೆ. ಎದುರು ಬಂದಾಗ ಆರು ಸೆಕೆಂಡಿನಲ್ಲಿ ಗಾಳಿ ಬಡಿದು ಮಾಯವಾದ ರೈಲು, ಜೊತೆಗೆ ಓಡುವಾಗ ಒಳಗಿನ ಜನರ ಮುಖ ಕಾಣುವಷ್ಟು ನಿಧಾನವಾಗಿ ಹಿಂದೆ ಸರಿಯುತ್ತದೆ. ಜೋಡಿ ಹಳಿಯಲ್ಲಿ ಪ್ರಯಾಣ ಮಾಡಿದವರೆಲ್ಲ ಇದನ್ನು ಕಂಡಿರುತ್ತಾರೆ.

ನಮ್ಮ ಕರಾವಳಿಯ ಮಕ್ಕಳು ಕಂಡದ್ದು ಇನ್ನೊಂದು ಬಗೆ. 1998ರ ಜನವರಿಯಲ್ಲಿ ಪೂರ್ತಿ ತೆರೆದ ಕೊಂಕಣ ರೈಲು ಮಾರ್ಗ ಬಹುಪಾಲು ಒಂಟಿ ಹಳಿಯದು. ಭಟ್ಕಳದಲ್ಲೋ ಹೊನ್ನಾವರದಲ್ಲೋ ಒಂದು ರೈಲು ಪಕ್ಕದ ಹಳಿಗೆ ಸರಿದು ನಿಂತುಕೊಳ್ಳುತ್ತದೆ, ಎದುರಿನದು ಹಾದುಹೋಗುತ್ತದೆ. ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ, ಕಾಯುತ್ತ ಕೂತವರಿಗೆ ಬೇಸರ. ಲೆಕ್ಕಕ್ಕೆ ಇಲ್ಲಿ ಒಂದರ ವೇಗ ಸೊನ್ನೆ. ಕೂಡಿಸಿದರೂ ಕಳೆದರೂ ಓಡುವ ರೈಲಿನ ವೇಗವೇ ಉಳಿಯುತ್ತದೆ. ನಿಂತ ರೈಲಿನ ಉದ್ದ ಮಾತ್ರ ಸೊನ್ನೆಯಾಗುವುದಿಲ್ಲ. ಅದನ್ನು ಬಿಡುವ ಮಕ್ಕಳು ಬಹಳ.

ಪದಗಳನ್ನು ಓದುವ ಬಗೆ

‘ಸಂಧಿಸು’, ‘ಭೇಟಿಯಾಗು’ ಎಂದಿದ್ದರೆ ಸಾಮಾನ್ಯವಾಗಿ ರೈಲುಗಳ ಉದ್ದ ಬೇಡ, ನಡುವಿನ ದೂರ ಸಾಕು. ಬೆಂಗಳೂರು–ಮೈಸೂರು ರೈಲು ಮಾರ್ಗ ಸುಮಾರು 138 ಕಿ.ಮೀ. ಬೆಳಿಗ್ಗೆ 8 ಗಂಟೆಗೆ ಬೆಂಗಳೂರಿನಿಂದ ಒಂದು ರೈಲು ಗಂಟೆಗೆ 60 ಕಿ.ಮೀ. ವೇಗದಲ್ಲೂ, ಮೈಸೂರಿನಿಂದ ಇನ್ನೊಂದು 55 ಕಿ.ಮೀ. ವೇಗದಲ್ಲೂ ಹೊರಟರೆ, 138 ಭಾಗಿಸು 115, ಅಂದರೆ 1.2 ಗಂಟೆ. ಇದನ್ನು 1 ಗಂಟೆ 20 ನಿಮಿಷ ಎಂದು ಓದುವವರಿದ್ದಾರೆ! 1 ಗಂಟೆ 12 ನಿಮಿಷ. 9:12ಕ್ಕೆ, ಬೆಂಗಳೂರಿನಿಂದ 72 ಕಿ.ಮೀ. ದೂರದಲ್ಲಿ, ಮದ್ದೂರಿನ ಆಸುಪಾಸಿನಲ್ಲಿ ಸಂಧಿಸುತ್ತವೆ. ವಡೆ ತಿನ್ನಲು ಸರಿಯಾದ ಜಾಗ.

ಮೈಸೂರಿನ ರೈಲು 8:23ಕ್ಕೆ ಹೊರಟಿತು ಎಂದು ಬದಲಿಸಿದರೆ ಅರ್ಧ ತರಗತಿ ತಡವರಿಸುತ್ತದೆ. ಎರಡೂ ಓಡುತ್ತಿರುವ ಕಾಲಕ್ಕೆ ಮಾತ್ರ ವೇಗಗಳನ್ನು ಕೂಡಿಸಬಹುದು. ಮೊದಲ 23 ನಿಮಿಷ ಒಂದೇ ರೈಲು ಓಡುತ್ತಿದೆ, ನಿಮಿಷಕ್ಕೆ ಒಂದು ಕಿ.ಮೀ.ನಂತೆ 23 ಕಿ.ಮೀ. ಉಳಿದದ್ದು 115 ಕಿ.ಮೀ. ಅಲ್ಲಿಂದ ಸರಿಯಾಗಿ ಒಂದು ಗಂಟೆ, 9:23. ಎರಡೂ ಒಟ್ಟಿಗೆ ಓಡತೊಡಗಿದ ಗಳಿಗೆಯಲ್ಲಿ ಇರುವ ಅಂತರ ಎಷ್ಟು ಎಂದು ಕೇಳಿಕೊಂಡರೆ ಇಂಥ ಲೆಕ್ಕ ಕೈ ತಪ್ಪುವುದಿಲ್ಲ.

‘ದಾಟು’, ‘ಹಾದುಹೋಗು’, ‘ಹಿಂದಿಕ್ಕು’ ಎಂದಿದ್ದರೆ ಉದ್ದ ಬೇಕು. ಯಾರ ಉದ್ದ? ಕ್ರಿಯಾಪದವನ್ನು ಓದಿ ನಿಲ್ಲಬಾರದು, ಅದರ ಹಿಂದಿನ ಪದವನ್ನೂ ಓದಬೇಕು: ರೈಲನ್ನು ದಾಟಿತೋ, ಸೇತುವೆಯನ್ನೋ, ಮನುಷ್ಯನನ್ನೋ, ಕಂಬವನ್ನೋ. 17ನೇ ಪ್ರಶ್ನೆಯಲ್ಲಿ ‘ಪ್ರಯಾಣಿಕನನ್ನು’ ಎಂಬ ಪದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಪ್ರಶ್ನೆ ಬರೆದವರು ಒಬ್ಬರು, ಉತ್ತರಪಟ್ಟಿ ತಯಾರಿಸಿದವರು ಇನ್ನೊಬ್ಬರು, ಮೂರನೆಯವರು ನೋಡಲೇ ಇಲ್ಲ.

ಕಷ್ಟದ್ದೆಂದು ಬಿಟ್ಟುಬಿಡುವ ಒಂದು ಲೆಕ್ಕ

ಒಂದು ರೈಲು, ತನ್ನ ದಿಕ್ಕಿನಲ್ಲೇ ಗಂಟೆಗೆ 4 ಕಿ.ಮೀ.ನಂತೆ ನಡೆಯುವವನನ್ನು 9 ಸೆಕೆಂಡಿನಲ್ಲೂ, 12 ಕಿ.ಮೀ.ನಂತೆ ಹೋಗುವ ಸೈಕಲ್ ಸವಾರನನ್ನು 10 ಸೆಕೆಂಡಿನಲ್ಲೂ ದಾಟುತ್ತದೆ. ರೈಲಿನ ವೇಗವೆಷ್ಟು, ಉದ್ದವೆಷ್ಟು? ವೇಗವೂ ಗೊತ್ತಿಲ್ಲ, ಉದ್ದವೂ ಗೊತ್ತಿಲ್ಲ ಎಂದು ಪೆನ್ನು ಕೆಳಗಿಡುತ್ತಾರೆ. ಸಮೀಕರಣ ಬರೆದು ಬಿಡಿಸಬಹುದು, ಆದರೆ ಅದಕ್ಕಿಂತ ಹತ್ತಿರದ ದಾರಿಯಿದೆ. ಎರಡು ಸಲವೂ ಹಾದುಹೋದದ್ದು ಅದೇ ರೈಲಿನ ಅದೇ ಉದ್ದ. ಸಮಯ 9ಕ್ಕೆ 10 ಆದರೆ ಸಾಪೇಕ್ಷ ವೇಗ 10ಕ್ಕೆ 9 ಆಗಬೇಕು. ಒಂದು ಪಾಲು ಏಕೆ ಕಡಿಮೆಯಾಯಿತು? ಸವಾರ ನಡೆಯುವವನಿಗಿಂತ 8 ಕಿ.ಮೀ. ಹೆಚ್ಚು ವೇಗದಲ್ಲಿ ಹೋಗುತ್ತಿರುವುದರಿಂದ. ಹಾಗಾದರೆ ಒಂದು ಪಾಲು 8, ಹತ್ತು ಪಾಲು 80, ಒಂಬತ್ತು ಪಾಲು 72. ರೈಲಿನ ವೇಗ 80 + 4 = 84 ಕಿ.ಮೀ. ಇನ್ನೊಂದು ಕಡೆಯಿಂದ 72 + 12, ಅದೂ 84. ಉದ್ದಕ್ಕೆ 72 ಕಿ.ಮೀ.ಯನ್ನು 20 ಮೀಟರ್ ಮಾಡಿ 10 ಸೆಕೆಂಡಿನಿಂದ ಗುಣಿಸಿದರೆ 200 ಮೀಟರ್.

ಒಂದು ಎಚ್ಚರಿಕೆ. ಲೆಕ್ಕದ ಪುಸ್ತಕದಲ್ಲಿ ಜನ ಹಳಿಯ ಪಕ್ಕದಲ್ಲಿ ಆರಾಮವಾಗಿ ನಡೆಯುತ್ತಾರೆ, ಸೈಕಲ್ ಓಡಿಸುತ್ತಾರೆ. ನೀವು ಹಾಗೆ ಮಾಡಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದು ಅಪರಾಧ. ಅಪರಾಧದ ಮಾತು ಬಿಡಿ, 90 ಕಿ.ಮೀ. ವೇಗದ ರೈಲು ನೂರು ಮೀಟರ್ ದೂರದಲ್ಲಿದೆ ಎಂದರೆ ನಿಮ್ಮ ಬಳಿ ಇರುವುದು 4 ಸೆಕೆಂಡು. ಶಾಲೆಗೆ ಹೋಗಲು ಹಳಿ ದಾಟುವ ಮಕ್ಕಳ ಪೋಷಕರು ಈ ಭಾಗಾಕಾರವನ್ನು ಮನೆಯಲ್ಲಿ ಒಮ್ಮೆ ಮಾಡಿಸಿ ನೋಡಬೇಕು.

ಈ ಲೆಕ್ಕಗಳು ಎಲ್ಲಿ ಎದುರಾಗುತ್ತವೆ ಎಂದು ಕೆಲವು ಪೋಷಕರು ಕೇಳಿದ್ದಾರೆ. ಬ್ಯಾಂಕ್, ಪೊಲೀಸ್, ರೈಲ್ವೆ, ಹೀಗೆ ಹೆಚ್ಚಿನ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ. ರೈಲ್ವೆ ನೇಮಕಾತಿ ಮಂಡಳಿಯ ತಾಂತ್ರಿಕೇತರ ಹುದ್ದೆಗಳ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಅವುಗಳಲ್ಲಿ 30 ಗಣಿತದವು. ಒಂದು ಪ್ರಶ್ನೆಗೆ ಸಿಗುವುದು 54 ಸೆಕೆಂಡು. ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ಈ ಪರೀಕ್ಷೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು ಎಂಬುದು ಅನೇಕ ಮನೆಗಳಿಗೆ ತಿಳಿದಿಲ್ಲ. 54 ಸೆಕೆಂಡಿನಲ್ಲಿ ಚಿತ್ರ ಬರೆಯಲು ಪುರುಸೊತ್ತು ಎಲ್ಲಿ ಎನ್ನುವವರಿಗೆ ನಮ್ಮ ಉತ್ತರ: ಎರಡು ಗೆರೆ, ಎರಡು ಬಾಣ, ಒಂದು ಚುಕ್ಕಿ. ಐದು ಸೆಕೆಂಡು ಸಾಕು. ಚುಕ್ಕಿ ಎಂದರೆ ಕಿಟಕಿಯವನು.

ಆಮೇಲೆ ನಾವು ಮಾಡಿದ್ದು

ಆ ಸಂಜೆಯೇ ಸಮಿತಿ ಸೇರಿ 17ನೇ ಪ್ರಶ್ನೆಯ ಉತ್ತರವನ್ನು 6 ಎಂದು ತಿದ್ದಿತು. ಎಲ್ಲ ಉತ್ತರಪತ್ರಿಕೆಗಳನ್ನೂ ಮತ್ತೆ ತೆಗೆದು ನೋಡಿದೆವು. 6 ಎಂದು ಬರೆದಿದ್ದವರಿಗೆ ಅಂಕ ಸೇರಿಸಿದೆವು. ಹಾಗೆ ಅರ್ಹತೆಗೆ ಬಂದವರಲ್ಲಿ ಈ ಹುಡುಗಿಯೂ ಒಬ್ಬಳು. 14 ಎಂದು ಬರೆದು ಅಂಕ ಪಡೆದಿದ್ದವರ ವಿಷಯದಲ್ಲಿ ಸಮಿತಿಯಲ್ಲಿ ಎರಡು ಮಾತು ಬಂತು. ನ್ಯಾಯವೆಂದರೆ ಅವರ ಅಂಕ ಕಳೆಯಬೇಕು. ಆದರೆ ಹೆಸರು ಗೋಡೆಯ ಮೇಲೆ ಬಂದಿದೆ, ಕೆಲವರು ಆ ಭರವಸೆಯ ಮೇಲೆ ಕಾಲೇಜಿಗೆ ಶುಲ್ಕ ಕಟ್ಟಲು ಒಪ್ಪಿಯಾಗಿದೆ. ಕೊನೆಗೆ ಘೋಷಿಸಿದ್ದ ವೇತನವನ್ನು ಯಾರಿಂದಲೂ ಹಿಂತೆಗೆದುಕೊಳ್ಳಲಿಲ್ಲ. ಹೊಸದಾಗಿ ಸೇರಿದವರಿಗೆ ಬೇಕಾದ ಮೊತ್ತವನ್ನು ಝಕಾತ್ ನಿಧಿಯಿಂದಾಗಲಿ ಸಾಮಾನ್ಯ ನಿಧಿಯಿಂದಾಗಲಿ ತೆಗೆಯದೆ ಪದಾಧಿಕಾರಿಗಳು ತಮ್ಮ ಕೈಯಿಂದ ಹಾಕಿದರು. ತಪ್ಪು ನಮ್ಮದು, ದಾನಿಗಳ ಹಣ ನಮ್ಮ ಬಳಿ ಇರುವ ಅಮಾನತ್. ಜಮಾ-ಖರ್ಚಿನಲ್ಲಿ ‘ಪದಾಧಿಕಾರಿಗಳ ಕೊಡುಗೆ’ ಎಂಬ ಹೊಸ ಸಾಲು ಕಂಡು ವಿಚಾರಿಸಿದ ದಾನಿಗಳಿಗೆ ಇದೇ ವಿವರಣೆ.

ಈ ವರ್ಷದಿಂದ ಪರೀಕ್ಷೆ ಮುಗಿದ ಮರುದಿನವೇ ಉತ್ತರಪಟ್ಟಿಯನ್ನು ಕಚೇರಿಯ ಮುಂದೆ ಹಾಕುತ್ತೇವೆ, ಆಕ್ಷೇಪಗಳನ್ನು ಕೇಳಿದ ನಂತರವೇ ಫಲಿತಾಂಶ. ಆಕ್ಷೇಪಕ್ಕೆ ಶುಲ್ಕವಿಲ್ಲ, ಶಿಫಾರಸು ಪತ್ರವೂ ಬೇಡ. ಪ್ರತಿ ಪ್ರಶ್ನೆಯನ್ನು ಬರೆದವರಲ್ಲದೆ ಇನ್ನಿಬ್ಬರು ಉತ್ತರಪಟ್ಟಿ ನೋಡದೆ ಬಿಡಿಸಬೇಕು. ಮೂವರ ಉತ್ತರವೂ ಒಂದೇ ಆದರೆ ಮಾತ್ರ ಅಚ್ಚಿಗೆ.

ಅಭ್ಯಾಸಕ್ಕೆ

1. 360 ಮೀಟರ್ ಉದ್ದದ ರೈಲು ಗಂಟೆಗೆ 90 ಕಿ.ಮೀ. ವೇಗದಲ್ಲಿ 240 ಮೀಟರ್ ಉದ್ದದ ಸೇತುವೆಯನ್ನು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ?

2. 270 ಮೀಟರ್ ಉದ್ದದ ರೈಲು ಗಂಟೆಗೆ 63 ಕಿ.ಮೀ., ಎದುರಿನಿಂದ 330 ಮೀಟರ್ ಉದ್ದದ ರೈಲು 45 ಕಿ.ಮೀ. ವೇಗದಲ್ಲಿ ಬರುತ್ತಿವೆ. ಅವು ಒಂದನ್ನೊಂದು ಪೂರ್ತಿ ದಾಟಲು ಎಷ್ಟು ಸಮಯ? ಮೊದಲ ರೈಲಿನ ಕಿಟಕಿಯಲ್ಲಿರುವವನನ್ನು ಎರಡನೇ ರೈಲು ದಾಟಲು ಎಷ್ಟು ಸಮಯ? ಎರಡನೇ ರೈಲಿನ ಕಿಟಕಿಯಲ್ಲಿರುವವಳನ್ನು ಮೊದಲ ರೈಲು ದಾಟಲು?

3. ಅವೇ ರೈಲುಗಳು ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಈ ಮೂರು ಉತ್ತರಗಳೂ ಏನಾಗುತ್ತವೆ?

4. ನಿಲ್ದಾಣದ ಪಕ್ಕದ ಹಳಿಯಲ್ಲಿ ನಿಂತಿರುವ 400 ಮೀಟರ್ ಉದ್ದದ ರೈಲನ್ನು, 350 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ ದಾಟಲು ಎಷ್ಟು ಸಮಯ?

5. ಒಂದು ರೈಲು ತನ್ನ ದಿಕ್ಕಿನಲ್ಲೇ 5 ಕಿ.ಮೀ. ವೇಗದಲ್ಲಿ ನಡೆಯುವವನನ್ನು 18 ಸೆಕೆಂಡಿನಲ್ಲೂ, 15 ಕಿ.ಮೀ. ವೇಗದ ಸೈಕಲ್ ಸವಾರನನ್ನು 21 ಸೆಕೆಂಡಿನಲ್ಲೂ ದಾಟುತ್ತದೆ. ವೇಗ ಮತ್ತು ಉದ್ದ?

ಉತ್ತರಗಳು: 1) 24 ಸೆಕೆಂಡ್. 2) 20, 11 ಮತ್ತು 9 ಸೆಕೆಂಡ್. 3) 120, 66 ಮತ್ತು 54 ಸೆಕೆಂಡ್. 4) 50 ಸೆಕೆಂಡ್. 5) ಗಂಟೆಗೆ 75 ಕಿ.ಮೀ., 350 ಮೀಟರ್.

ಇವುಗಳಲ್ಲಿ ತಪ್ಪು ಕಂಡವರು ಕಚೇರಿಗೆ ಬರಬೇಕು. ಬರುವಾಗ ನೀವು ಬರೆದ ಚಿತ್ರವನ್ನೂ ತನ್ನಿ.